60 ಹರ್ಟ್ಜ್ ಮಾನಿಟರ್‌ನಲ್ಲಿ 40 ಹರ್ಟ್ಜ್ ಫ್ಲಿಕರ್ ಯಾಕೆ ಬರಲ್ಲ?

ಓದುಗರ ಪ್ರಶ್ನೆ: ಇಇಜಿ (ಮೆದುಳಿನ ವಿದ್ಯುತ್ ಅಲೆ ದಾಖಲಿಸೋ) ಪ್ರಯೋಗಕ್ಕೆ ಒಂದು ಚೌಕ 40 ಹರ್ಟ್ಜ್‌ನಲ್ಲಿ ಮಿನುಗಬೇಕು. ಪೈಥಾನ್‌ನಲ್ಲಿ 12.5 ಮಿಲಿಸೆಕೆಂಡಿಗೊಮ್ಮೆ ಕಪ್ಪು-ಬಿಳಿ ಬದಲಿಸ್ತಿದ್ದೇನೆ. ಆದ್ರೆ ಇಇಜಿ ಸಿಗ್ನಲ್‌ನ ಆವರ್ತನ ಗ್ರಾಫ್‌ನಲ್ಲಿ ದೊಡ್ಡ ಪೀಕ್ 20 ಹರ್ಟ್ಜ್‌ನಲ್ಲಿ ಬರ್ತಿದೆ. ಕೋಡ್ ತಪ್ಪಾ?

ಕೋಡ್‌ನ ಲೆಕ್ಕ ಸರಿಯಾಗಿದೆ, ಮಾನಿಟರ್ ಅದನ್ನು ಪಾಲಿಸೋಕೆ ಆಗಲ್ಲ ಅಷ್ಟೇ. 60 ಹರ್ಟ್ಜ್ ಪರದೆ ಹೊಸ ಚಿತ್ರ, ಅಂದ್ರೆ ಫ್ರೇಮ್, ತೋರಿಸೋದು 16.67 ಮಿಲಿಸೆಕೆಂಡಿಗೊಮ್ಮೆ ಮಾತ್ರ. ನಡುವೆ ನೀವು ಏನೇ ಬದಲಿಸಿದರೂ ಅದು ಮುಂದಿನ ಫ್ರೇಮ್‌ವರೆಗೂ ಕಾಯಲೇಬೇಕು. 40 ಹರ್ಟ್ಜ್‌ನ ಒಂದು ಸುತ್ತು 25 ಮಿಲಿಸೆಕೆಂಡ್, ಅಂದ್ರೆ ಒಂದೂವರೆ ಫ್ರೇಮ್. ಅರ್ಧ ಫ್ರೇಮ್ ಅನ್ನೋದು ಇಲ್ಲವಲ್ಲ! ಹಾಗಾಗಿ ಪರದೆ ಮೇಲೆ ನಿಜವಾಗಿ ಬರೋದು ಬಿಳಿ, ಕಪ್ಪು, ಬಿಳಿ, ಮತ್ತೆ ಬಿಳಿ, ಕಪ್ಪು, ಬಿಳಿ. ಮೂರು ಫ್ರೇಮಿಗೊಮ್ಮೆ, ಅಂದ್ರೆ 50 ಮಿಲಿಸೆಕೆಂಡಿಗೊಮ್ಮೆ ಅದೇ ಮರುಕಳಿಸುತ್ತೆ. ನಿಮ್ಮ 20 ಹರ್ಟ್ಜ್ ಹುಟ್ಟಿದ್ದು ಅಲ್ಲೇ. 40ರಲ್ಲೂ ಒಂದು ಚಿಕ್ಕ ಪೀಕ್ ಕಾಣಬಹುದು, ಅದನ್ನು ನೋಡಿ ಸಮಾಧಾನ ಮಾಡ್ಕೋಬೇಡಿ. ಅದು 20ರ ಹಾರ್ಮೋನಿಕ್, ಅಂದ್ರೆ ಅದರ ದುಪ್ಪಟ್ಟಿನಲ್ಲಿ ಬರೋ ನೆರಳು, ಇರಬಹುದು.

ಅದಕ್ಕೇ ಸಮಯ ಎಣಿಸೋದು ಬಿಟ್ಟು ಫ್ರೇಮ್ ಎಣಿಸಿ. 240 ಹರ್ಟ್ಜ್ ಮಾನಿಟರ್ ಸಿಕ್ಕರೆ 40ಕ್ಕೆ ಸರಿಯಾಗಿ ಆರು ಫ್ರೇಮ್, ಮೂರು ಬಿಳಿ ಮೂರು ಕಪ್ಪು. 120ರಲ್ಲಿ ಮೂರೇ ಫ್ರೇಮ್, ಸಮ ಪಾಲು ಆಗಲ್ಲ. 144ರಲ್ಲಿ 3.6, ಕೈಬಿಡಿ. ಇಂಥ ಪ್ರಯೋಗಕ್ಕಂತಲೇ ಇರೋ ಸೈಕೋಪೈ ಅಥವಾ ಸೈಕ್‌ಟೂಲ್‌ಬಾಕ್ಸ್ ಸಾಫ್ಟ್‌ವೇರ್ ಬಳಸಿ, ವಿ-ಸಿಂಕ್ (ಚಿತ್ರ ಬದಲಾವಣೆಯನ್ನು ಪರದೆಯ ಫ್ರೇಮ್‌ಗೆ ಹೊಂದಿಸೋದು) ಆನ್ ಇಡಿ, ಫ್ರೇಮ್ ದರವನ್ನು ತಾನೇ ಏರಿಳಿಸೋ ಫ್ರೀಸಿಂಕ್ ಥರದ್ದೆಲ್ಲ ಆಫ್ ಮಾಡಿ. ಪ್ರತಿ ಫ್ಲಿಪ್‌ನ (ಪರದೆಗೆ ಹೊಸ ಫ್ರೇಮ್ ಬರೋದು) ಸಮಯ ದಾಖಲಿಸಿ, ಫ್ರೇಮ್ ತಪ್ಪಿದ ಟ್ರಯಲ್ ಬಿಸಾಕಿ. ಮಾನಿಟರ್ ಮೇಲೆ 60 ಅಂತ ಬರೆದಿದ್ದರೂ ಎಷ್ಟೋ ಸಲ ಅದು 59.94 ಇರುತ್ತೆ, ಅಳೆದೇ ಲೆಕ್ಕ ಹಾಕಿ.

ಅಳೆಯೋದು ಹೇಗೆ? ಬೆಳಕನ್ನು ವಿದ್ಯುತ್ ಸಿಗ್ನಲ್ ಆಗಿಸೋ ಫೋಟೋಡಯೋಡ್‌ನಿಂದ. ಪರದೆಯ ಮೂಲೆಯಲ್ಲಿ ಒಂದು ಸಣ್ಣ ಚೌಕ ಮುಖ್ಯ ಚಿತ್ರದ ಜೊತೆಗೇ ಮಿನುಗಲಿ, ಅದರ ಮೇಲೆ ಡಯೋಡ್ ಇಟ್ಟು ಕಪ್ಪು ಟೇಪ್‌ನಿಂದ ಅಂಟಿಸಿ, ಸಿಗ್ನಲ್ಲನ್ನು ಇಇಜಿ ಆಂಪ್ಲಿಫೈಯರ್‌ನ ಹೆಚ್ಚುವರಿ ಚಾನೆಲ್‌ಗೇ ಕೊಡಿ. ಆಗ ಬೆಳಕು ಮತ್ತು ಮೆದುಳು ಎರಡೂ ಒಂದೇ ಗಡಿಯಾರದಲ್ಲಿ ದಾಖಲಾಗುತ್ತೆ. ಎಲ್‌ಸಿಡಿ ಮೇಲಿಂದ ಕೆಳಕ್ಕೆ ಬರೆಯುತ್ತೆ, ಹಾಗಾಗಿ ಮೇಲಿನ ಮೂಲೆಗೂ ಕೆಳಗಿನ ಮೂಲೆಗೂ ಹತ್ತಿರ ಹತ್ತಿರ ಒಂದು ಫ್ರೇಮ್ ವ್ಯತ್ಯಾಸ ಬರಬಹುದು. ಫೇಸ್ (ಅಲೆ ಯಾವ ಕ್ಷಣದಲ್ಲಿ ಏರುತ್ತೆ, ಇಳಿಯುತ್ತೆ ಅನ್ನೋದು) ನೋಡುವವರು ಇದನ್ನು ಮರೆಯಬಾರದು. ನನ್ನ ಪ್ರಕಾರ ಈ ಒಂದು ಚಾನೆಲ್ ಇಲ್ಲದ ಫ್ಲಿಕರ್ ಡೇಟಾವನ್ನು ನಂಬೋದು ಕಷ್ಟ.

ಕಣ್ಣಿಗೆ ಮಿನುಗು ಕಾಣದಷ್ಟು ವೇಗ, ಅಂದ್ರೆ ಸುಮಾರು 60 ಹರ್ಟ್ಜ್ ಮೇಲೆ, ಬೇಕಾದ್ರೆ ಪ್ರೊಪಿಕ್ಸ್ ಥರದ 1440 ಹರ್ಟ್ಜ್ ಪ್ರೊಜೆಕ್ಟರ್ ಅನುಕೂಲ. ಅದು ದುಬಾರಿ. ಚಿತ್ರ ಬೇಡ, ಬರೀ ಬೆಳಕು ಸಾಕು ಅಂತಾದ್ರೆ ಎಲ್‌ಇಡಿಯನ್ನು ಮೈಕ್ರೋಕಂಟ್ರೋಲರ್‌ನ ಹಾರ್ಡ್‌ವೇರ್ ಟೈಮರ್‌ನಿಂದ ನಡೆಸಿ, ಕಡಿಮೆ ಖರ್ಚಲ್ಲಿ ಚೊಕ್ಕ 40 ಸಿಗುತ್ತೆ. 50 ಹರ್ಟ್ಜ್ ಮಾತ್ರ ಬೇಡ, ನಮ್ಮ ಕರೆಂಟಿನ ಗದ್ದಲ ಅಲ್ಲೇ ಕೂತಿರುತ್ತೆ.

ಇನ್ನೊಂದು ವಿಷಯ, ಇದು ಗಂಭೀರ. ಬೆಳಕಿನಿಂದ ಫಿಟ್ಸ್ ಬರುವವರಿಗೆ ಸುಮಾರು 15ರಿಂದ 25 ಹರ್ಟ್ಜ್ ಅತಿ ಅಪಾಯದ ವ್ಯಾಪ್ತಿ. ನೀವು 40 ಅಂದುಕೊಂಡು ತೋರಿಸ್ತಿರೋದು 20! ಮನುಷ್ಯರನ್ನು ಕೂರಿಸೋ ಮೊದಲು ಡಯೋಡ್ ಇಟ್ಟು ನೋಡಿ, ಅವರಿಗೆ ಅಥವಾ ಮನೆಯವರಿಗೆ ಫಿಟ್ಸ್ ಬಂದಿದೆಯಾ ಅಂತ ತಪ್ಪದೆ ಕೇಳಿ.