ಕಟ್ಟಿದ ಮೇಲೆ ಕಾಯುವವರು ಯಾರು? ಶರಾವತಿಯ ಹಳೇ ಅಣೆಕಟ್ಟುಗಳ ಹಿಂದುಮುಂದು

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ಹೊಸಪೇಟೆ ನಮಗೆ ದೂರ, ನಿಜ. ಆದರೆ ಆ ಡ್ಯಾಮಿಗೆ ಸೇರುವ ನೀರು ತೀರ್ಥಹಳ್ಳಿ, ಶಿವಮೊಗ್ಗ, ಭದ್ರಾವತಿ ದಾಟಿಯೇ ಹೋಗುವುದು ಅಲ್ವಾ? ಹಾಗಾಗಿ ಮಲೆನಾಡಿನಲ್ಲೂ ಅದೇ ಮಾತು ಎದ್ದಿತು: ನಮ್ಮ ಡ್ಯಾಮುಗಳು ಗಟ್ಟಿ ಇವೆಯಾ?

ಹೌದು ಅಥವಾ ಇಲ್ಲ ಅಂತ ಒಂದೇ ಮಾತಲ್ಲಿ ಹೇಳುವ ಹಾಗಿಲ್ಲ. ಶರಾವತಿಯ ಮೇಲೆ ಇರುವುದು ಒಂದು ಡ್ಯಾಮಲ್ಲ. ಒಂದರ ಹೊಟ್ಟೆಯೊಳಗೆ ಇನ್ನೊಂದು ಮುಳುಗಿದೆ. ಕಟ್ಟೆ ವಿದ್ಯುತ್ ನಿಗಮದ್ದು, ಸುತ್ತಲ ಕಾಡು ಅಭಯಾರಣ್ಯದ್ದು, ಕೆಳಗಿನ ಊರು ಇನ್ನೊಂದು ಜಿಲ್ಲೆಯದ್ದು. ಈಚೆಗೆ ಇದರ ಮೇಲೆ ಹೊಸ ಕಾನೂನು ಬಂತು, ಪಂಪ್ಡ್ ಸ್ಟೋರೇಜ್ (ನೀರನ್ನು ಮೇಲಕ್ಕೆತ್ತಿ, ಬೇಕಾದಾಗ ಇಳಿಸಿ ಕರೆಂಟು ಮಾಡುವ ಯೋಜನೆ) ಗಲಾಟೆಯೂ ಬಂತು. ಗೋಜಲನ್ನು ಒಂದೊಂದೇ ಎಳೆಯಾಗಿ ಬಿಡಿಸೋಣ.

ಮೈಸೂರು ಸಂಸ್ಥಾನಕ್ಕೆ 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂತು. ಅಲ್ಲಿಂದ ಮುಂದೆ ಎಷ್ಟು ಬಂದರೂ ಸಾಲದು ಎನ್ನುವ ಸ್ಥಿತಿ. ಕೊನೆಗೆ ಕಣ್ಣು ಜೋಗದ ಮೇಲೆ ಬಿತ್ತು. 1939ರಲ್ಲಿ ಕೆಲಸ ಶುರುವಾಯಿತು, ಯುದ್ಧ ಅಡ್ಡ ಬಂದು ಯಂತ್ರಗಳು ತಡವಾದವು, 1948ರಲ್ಲಿ ವಿದ್ಯುತ್ ಹರಿಯಿತು. ನಮ್ಮ ಕತೆಗೆ ಮುಖ್ಯವಾದ ಕಾಲ ಇದೇ.

ಜೋಗದಲ್ಲಿ ಮಳೆಗಾಲದ ನೀರಿಗೆ ಬರವಿಲ್ಲ. ಕಷ್ಟ ಬೇಸಿಗೆಯದ್ದು. ಅದಕ್ಕೆ ಮೇಲ್ಗಡೆ ಮಡೆನೂರಿನ ಹತ್ತಿರ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದರು. ಅಲ್ಲಿ ಬಿಟ್ಟ ನೀರು ನದಿಯಲ್ಲೇ ಹರಿದು ಬರಬೇಕು. ಕಾರ್ಗಲ್ ಬಳಿ ಅಡ್ಡಗಟ್ಟೆ ಅದನ್ನು ಕಾಲುವೆಗೆ ತಿರುಗಿಸಬೇಕು. ಆಮೇಲೆ ದಪ್ಪ ಪೈಪುಗಳಲ್ಲಿ ಕಣಿವೆಗೆ ಇಳಿದು ಯಂತ್ರ ತಿರುಗಿಸಬೇಕು. ಎಲ್ಲಾ ಯಂತ್ರಗಳೂ ಕೂತ ಮೇಲೆ ಆ ಕೇಂದ್ರದ ಶಕ್ತಿ 120 ಮೆಗಾವಾಟ್. ಆ ಕಾಲಕ್ಕೆ ಅದು ದೊಡ್ಡದು. ಆಮೇಲೆ ಬಂದ ಶರಾವತಿ ಕೇಂದ್ರದಲ್ಲಿ ಒಂದೊಂದು ಯಂತ್ರದ್ದೇ 103.5 ಮೆಗಾವಾಟ್, ಅಂಥವು ಹತ್ತು. ದೊಡ್ಡದು ಸಣ್ಣದಾಗಲು ಇಪ್ಪತ್ತು ವರ್ಷವೂ ಬೇಕಾಗಲಿಲ್ಲ.

ಹಿರೇಭಾಸ್ಕರದಲ್ಲಿ ನೋಡಬೇಕಾದದ್ದು ಅದರ ಸೈಫನ್‌ಗಳು. ಮೈಸೂರಿನ ಎಂಜಿನಿಯರ್ ಗಣೇಶ್ ಅಯ್ಯರ್ ರೂಪಿಸಿದ ಬಗೆ ಅದು. ಕುಣಿಗಲ್ ಕಡೆಯ ಮಾರ್ಕೋನಹಳ್ಳಿಯಲ್ಲೂ ಇದೇ ಇದೆ. ದುಂಡನೆಯ ಗೋಪುರ, ಮೇಲೊಂದು ಗುಮ್ಮಟದಂಥ ಮುಚ್ಚಳ, ಒಳಗೆ ಆಲಿಕೆ. ನೀರು ನಿಗದಿತ ಮಟ್ಟ ದಾಟಿತು ಅಂದರೆ ಆಲಿಕೆಯ ಅಂಚಿನಿಂದ ಒಳಗೆ ಇಳಿಯುತ್ತದೆ. ಅಲ್ಲಿರುವ ಬಾಗಿದ ಏಣುಗಳು ಆ ನೀರನ್ನು ಗಿರಗಿರ ತಿರುಗಿಸುತ್ತವೆ. ತಿರುಗುವ ನೀರು ಒಳಗಿನ ಗಾಳಿಯನ್ನೂ ಎಳೆದುಕೊಂಡು ಇಳಿಯುತ್ತದೆ. ಗಾಳಿ ಖಾಲಿಯಾದ ಕೂಡಲೇ ಕೊಳವೆ ಪೂರ್ತಿ ತುಂಬಿ ಹೆಚ್ಚುವರಿ ನೀರನ್ನು ಭರದಿಂದ ಹೊರಗೆ ದೂಡುತ್ತದೆ. ಮಟ್ಟ ಇಳಿದಾಗ ಗಾಳಿ ಒಳನುಗ್ಗಿ ತನ್ನಷ್ಟಕ್ಕೆ ನಿಲ್ಲುತ್ತದೆ. ಗೇಟು ಎತ್ತುವ ಮೋಟಾರು ಬೇಡ, ಚೈನು ಬೇಡ, ಆಷಾಢದ ರಾತ್ರಿ ಮಳೆಯಲ್ಲಿ ಟಾರ್ಚು ಹಿಡಿದು ಓಡುವ ಮನುಷ್ಯನೂ ಬೇಡ. ತುಂಡಾಗಲು ಚೈನೇ ಇಲ್ಲದ ಕಟ್ಟೆ! ಅಷ್ಟು ಮುಂದಾಲೋಚನೆ ಮಾಡಿ ಕಟ್ಟಿದ್ದು ದುಡಿದದ್ದು ಮಾತ್ರ ಹದಿನೈದು ಹದಿನಾರು ವರ್ಷ.

1964ರಲ್ಲಿ ಲಿಂಗನಮಕ್ಕಿ ಬಂತು. ಸುಮಾರು 151 ಟಿಎಂಸಿ ನೀರು ಹಿಡಿಯುವ ಕಟ್ಟೆ, ಪೂರ್ಣ ಮಟ್ಟ 1819 ಅಡಿ. ಹಿರೇಭಾಸ್ಕರ ಅದರ ಹಿನ್ನೀರಿನಲ್ಲಿ ಮುಳುಗಿತು. ಊರುಗಳೂ ಮುಳುಗಿದವು. ಎದ್ದು ಹೋದವರ ಹಕ್ಕುಪತ್ರದ ರಗಳೆ ಇವತ್ತಿಗೂ ಮುಗಿದಿಲ್ಲ, ಅದು ಬೇರೆಯೇ ಲೇಖನ.

ಬೇಸಿಗೆಯಲ್ಲಿ ಹಿನ್ನೀರು ಚೆನ್ನಾಗಿ ಇಳಿದಾಗ ಮಡೆನೂರು ಡ್ಯಾಂ, ಅಂದರೆ ಇದೇ ಹಿರೇಭಾಸ್ಕರ, ಮೇಲೆದ್ದು ಕಾಣುತ್ತದೆ. ನೋಡಿದವರೆಲ್ಲ ಹೇಳುವುದು ಒಂದೇ: "ಹಳೇ ಕಾಲದ ಕೆಲಸ ನೋಡಿ, ಇಷ್ಟು ವರ್ಷ ನೀರಲ್ಲಿದ್ರೂ ಏನೂ ಆಗಿಲ್ಲ." ಮೆಚ್ಚುವುದು ಸರಿ. ಆದರೆ ಇದನ್ನೇ ಹಿಡಿದು ಹಳೇ ಡ್ಯಾಮಿಗೆ ರಿಪೇರಿ ಯಾಕೆ ಅನ್ನುವುದು ತಪ್ಪು ಲೆಕ್ಕ. ಮುಳುಗಿದ ಕಟ್ಟೆಗೆ ಎರಡೂ ಕಡೆ ನೀರು ಒಂದೇ ಮಟ್ಟದಲ್ಲಿರುತ್ತದೆ. ಒಂದು ಕಡೆಯಿಂದ ತಳ್ಳುವುದನ್ನು ಇನ್ನೊಂದು ಕಡೆಯ ನೀರು ತಡೆಯುತ್ತದೆ. ಅದು ಈಗ ಭಾರ ಹೊರುತ್ತಿಲ್ಲ. ಕೆಲಸದಲ್ಲಿರುವ ಕಟ್ಟೆಯ ಪಾಡು ಹಾಗಲ್ಲ. ಒಂದು ಕಡೆ ಹತ್ತಾರು ಆಳುದ್ದದ ನೀರು, ಇನ್ನೊಂದು ಕಡೆ ಬರೀ ಗಾಳಿ.

ಕಲ್ಲು, ಕಾಂಕ್ರೀಟು ಯಾವುದೇ ಇರಲಿ, ಅಣೆಕಟ್ಟಿನಲ್ಲಿ ನೀರು ಸ್ವಲ್ಪ ಜಿನುಗಿಯೇ ಜಿನುಗುತ್ತದೆ. ಜಿನುಗುವುದೇ ಅಪಾಯವಲ್ಲ. ಅದು ಎಷ್ಟು, ಎಲ್ಲಿಂದ, ತಿಳಿಯಾಗಿದೆಯೋ ಕದಡಿದೆಯೋ ಅನ್ನುವುದು ಮುಖ್ಯ. ದೊಡ್ಡ ಕಟ್ಟೆಗಳ ಒಳಗೆ ಉದ್ದಕ್ಕೂ ಒಂದು ಸುರಂಗ ಇರುತ್ತದೆ, ಗ್ಯಾಲರಿ ಅನ್ನುತ್ತಾರೆ. ಗೋಡೆ ಸದಾ ಒದ್ದೆ, ಮಂಕು ಬೆಳಕು. ಕೆಲವು ಕಡೆ ಗೋಡೆಯ ಮೇಲೆ ಬಿಳಿ ಗೆರೆಗಳು ಇಳಿದಿರುತ್ತವೆ. ಅದು ಗಾರೆಯೊಳಗಿನ ಸುಣ್ಣ, ನೀರಲ್ಲಿ ಕರಗಿ ಹೊರಬಂದದ್ದು. ಕೆಳಗೆ ಸಣ್ಣ ಚರಂಡಿ. ಅದಕ್ಕೆ ಅಡ್ಡಲಾಗಿ ಇಂಗ್ಲಿಷಿನ ವಿ ಆಕಾರದಲ್ಲಿ ಕತ್ತರಿಸಿದ ತಗಡು. ಆ ಕಚ್ಚಿನಲ್ಲಿ ನೀರು ಎಷ್ಟು ಎತ್ತರ ಹರಿಯಿತು ಅಂತ ನೋಡಿ ಪುಸ್ತಕದಲ್ಲಿ ಬರೆಯಬೇಕು. ಜಲಾಶಯದ ಮಟ್ಟವನ್ನೂ ಪಕ್ಕದಲ್ಲೇ ಬರೆಯಬೇಕು. ಕೆಲಸ ಇಷ್ಟೇ. ಆದರೆ ತಪ್ಪದೆ, ಒಬ್ಬರು ನಿವೃತ್ತರಾದರೆ ಇನ್ನೊಬ್ಬರು, ವರ್ಷಗಟ್ಟಲೆ ಮಾಡಬೇಕು. ಹೋದ ವರ್ಷ ಇದೇ ಮಟ್ಟಕ್ಕೆ ಇಷ್ಟಿತ್ತು, ಈ ವರ್ಷ ಜಾಸ್ತಿ ಯಾಕಾಯ್ತು ಅಂತ ಕೇಳಲು ಹಳೇ ಪುಸ್ತಕ ಬೇಕಲ್ಲ.

ನೀರು ಬಸಿಯುವ ಕಿಂಡಿಗಳನ್ನು ಸುಣ್ಣ ಕಟ್ಟಿ ಮುಚ್ಚಲು ಬಿಟ್ಟರೆ ಇನ್ನೂ ಕಷ್ಟ. ನೀರು ತಳದಲ್ಲಿ ಒತ್ತಡವಾಗಿ ನಿಂತು ಕಟ್ಟೆಯನ್ನು ಮೇಲಕ್ಕೆ ಎತ್ತಲು ನೋಡುತ್ತದೆ. ಆಗ ಕಟ್ಟೆಯ ತೂಕ ಇದ್ದೂ ಇಲ್ಲದಂತೆ.

ಗೇಟುಗಳ ಕತೆ ಬೇರೆ. ಲಿಂಗನಮಕ್ಕಿಗೆ 11 ಗೇಟುಗಳಿವೆ. ಕಟ್ಟೆ ಪ್ರತಿ ವರ್ಷ ತುಂಬುವುದಿಲ್ಲ. ತುಂಬದ ವರ್ಷ ಗೇಟಿಗೆ ಕೆಲಸವಿಲ್ಲ. ಕೆಲಸವಿಲ್ಲದ ಕಬ್ಬಿಣಕ್ಕೆ ತುಕ್ಕು, ರಬ್ಬರಿಗೆ ಬಿರುಕು, ಹಗ್ಗಕ್ಕೆ ಒಣಗಿದ ಗ್ರೀಸು. ಬೇಸಿಗೆಯಲ್ಲೇ ಬಣ್ಣ, ಗ್ರೀಸು ಮುಗಿಸಿ, ಮಳೆಗೆ ಮುಂಚೆ ಏರಿಸಿ ಇಳಿಸಿ ನೋಡಬೇಕು. ಕರೆಂಟು ಹೋದರೆ ಜನರೇಟರ್ ಶುರುವಾಗುತ್ತದಾ ಅಂತಲೂ ನೋಡಬೇಕು. ಕರೆಂಟು ತಯಾರಿಸುವ ಊರಲ್ಲೇ ಮಳೆಗಾಲದಲ್ಲಿ ಕರೆಂಟು ಹೋಗುವುದು ನಮಗೇನೂ ಹೊಸದಲ್ಲ.

1970ರಲ್ಲಿ ವಿದ್ಯುತ್ ನಿಗಮ ಹುಟ್ಟಿತು. ಆಮೇಲಿನ ದಶಕಗಳಲ್ಲಿ ಚಕ್ರಾ, ಸಾವೇಹಕ್ಲು, ವಾರಾಹಿ, ಗೇರುಸೊಪ್ಪ ಎಲ್ಲಾ ಬಂದವು. ಹೊಸ ಯೋಜನೆಗೆ ಶಂಕುಸ್ಥಾಪನೆ ಇರುತ್ತದೆ, ಹಾರ ಇರುತ್ತದೆ. ಗ್ರೀಸು ಹಚ್ಚುವುದಕ್ಕೆ ಯಾವ ಮಂತ್ರಿಯೂ ಬಂದ ನೆನಪಿಲ್ಲ. ಕಾಲೊನಿ ತುಂಬ ಜನ ಇದ್ದ ಕಾಲ ಹೋಯಿತು, ಎಷ್ಟೋ ಕೆಲಸ ಗುತ್ತಿಗೆಗೆ ಹೋಯಿತು. ಇದು ಒಬ್ಬರ ತಪ್ಪು ಅಂತ ಬೊಟ್ಟು ಮಾಡುವ ಹಾಗಿಲ್ಲ, ಎಲ್ಲಾ ಕಡೆ ಹೀಗೇ ಆಗಿದೆ. ಆದರೆ ಗೇಟಿನ ಸದ್ದು ಕೇಳಿಯೇ ಎಲ್ಲಿ ಹಿಡಿಯುತ್ತಿದೆ ಅಂತ ಹೇಳುವವರು ಟೆಂಡರಿನಲ್ಲಿ ಸಿಗುವುದಿಲ್ಲ.

ಕಾನೂನು ಬಂದದ್ದು ತುಂಬಾ ನಿಧಾನವಾಗಿ. 1961ರಲ್ಲಿ ಪುಣೆಯ ಮೇಲ್ಗಡೆಯ ಪಾನ್ಶೇತ್ ಅಣೆಕಟ್ಟು ಒಡೆಯಿತು. 1979ರಲ್ಲಿ ಗುಜರಾತಿನ ಮೋರ್ಬಿಯ ಮೇಲ್ಗಡೆ ಮಚ್ಚು ನದಿಯ ಅಣೆಕಟ್ಟು ಒಡೆದು ಸಾವಿರಾರು ಜನ ಸತ್ತರು. ಅಣೆಕಟ್ಟು ಸುರಕ್ಷತಾ ಕಾಯ್ದೆ ಜಾರಿಯಾದದ್ದು 2021ರ ಡಿಸೆಂಬರ್ 30ಕ್ಕೆ. ಮಳೆಗೆ ಮುಂಚೆ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ತಪಾಸಣೆ ಕಡ್ಡಾಯ. ರಿಪೇರಿ, ನಿರ್ವಹಣೆಗೆ ಹಣ ತೆಗೆದಿಡುವುದೂ ಮಾಲೀಕರ ಹೊಣೆ.

ತೊಡಕಿರುವುದು ಅಳತೆಯಲ್ಲಿ. ಕಾಯ್ದೆ ಹಿಡಿಯುವುದು 15 ಮೀಟರಿಗಿಂತ ಎತ್ತರದ ಕಟ್ಟೆಗಳನ್ನು. 10ರಿಂದ 15 ಮೀಟರಿನವಕ್ಕೆ ಉದ್ದ, ನೀರಿನ ಪ್ರಮಾಣ ಅಂತ ಷರತ್ತುಗಳಿವೆ. ಅದಕ್ಕೂ ಕೆಳಗಿನ ಅಡ್ಡಗಟ್ಟೆಗಳು ಹೊರಗೆ. ಇನ್ನೊಂದು ಕಡೆ, 25 ಮೆಗಾವಾಟಿಗಿಂತ ಕಡಿಮೆಯ ಜಲವಿದ್ಯುತ್ ಯೋಜನೆಗೆ 2006ರ ಅಧಿಸೂಚನೆಯಡಿ ಪರಿಸರ ಅನುಮತಿಯೂ ಬೇಡ. ಘಟ್ಟದ ಹೊಳೆಗಳಲ್ಲಿರುವ ಮಿನಿ ಹೈಡೆಲ್‌ಗಳ ಪೈಕಿ ಗಿಡ್ಡ ಕಟ್ಟೆಯವು ಎರಡೂ ಜರಡಿಯಲ್ಲಿ ಸಲೀಸಾಗಿ ಕೆಳಗಿಳಿಯುತ್ತವೆ. ಸಣ್ಣ ಕಟ್ಟೆ ಒಡೆದರೆ ಹೊನ್ನಾವರ ಮುಳುಗುವುದಿಲ್ಲ, ಒಪ್ಪೋಣ. ಕೆಳಗೆ ಹೊಳೆಗೆ ಇಳಿದವನ ಪಾಲಿಗೆ ಅದು ಸಣ್ಣದಲ್ಲ.

ಈಗ ಪಂಪ್ಡ್ ಸ್ಟೋರೇಜ್. ಮೇಲೆ ತಳಕಳಲೆ ಜಲಾಶಯ, ಕೆಳಗೆ ಗೇರುಸೊಪ್ಪ ಜಲಾಶಯ, ನಡುವೆ 2000 ಮೆಗಾವಾಟ್ ಯೋಜನೆ. ಕರೆಂಟು ಸಾಕಷ್ಟಿದ್ದಾಗ ನೀರು ಮೇಲಕ್ಕೆ, ಬೇಕಾದಾಗ ಕೆಳಕ್ಕೆ. ಕಾಡು ಕಡಿಯುವುದರ ಬಗ್ಗೆ, ಸಿಂಗಳೀಕಗಳ ಬಗ್ಗೆ ಬೇಕಾದಷ್ಟು ಚರ್ಚೆಯಾಗಿದೆ, ಆಗಲೇಬೇಕು. ಆದರೆ ಹಳೇ ಜಲಾಶಯದಲ್ಲಿ ನೀರು ದಿನದಿನವೂ ಬೇಗ ಏರಿ ಬೇಗ ಇಳಿದರೆ ದಂಡೆಯ ಮಣ್ಣು, ಕಟ್ಟೆಯ ಸಂದುಗಳು ಹೇಗೆ ತಡೆಯುತ್ತವೆ ಅನ್ನುವ ಪ್ರಶ್ನೆ ಸಭೆಗಳಲ್ಲಿ ಅಷ್ಟಾಗಿ ಕೇಳುವುದಿಲ್ಲ. ನೀರು ತಟ್ಟನೆ ಇಳಿದಾಗ ನೆನೆದ ಮಣ್ಣಿನೊಳಗಿನ ನೀರು ಅಷ್ಟೇ ಬೇಗ ಇಳಿಯುವುದಿಲ್ಲ. ದಂಡೆ ಜಾರುವುದು ಆಗಲೇ.

ಅದೇ ಕಾಯ್ದೆಯಲ್ಲಿ ಇನ್ನೊಂದು ಮಾತಿದೆ. ಜಾರಿಯಾದ ಐದು ವರ್ಷದೊಳಗೆ ಕಾಯ್ದೆಯ ವ್ಯಾಪ್ತಿಯ ಪ್ರತಿ ಅಣೆಕಟ್ಟಿಗೂ ಸ್ವತಂತ್ರ ತಜ್ಞರ ಸಮಗ್ರ ಸುರಕ್ಷತಾ ಮೌಲ್ಯಮಾಪನ ಆಗಬೇಕು, ತುರ್ತು ಕ್ರಿಯಾ ಯೋಜನೆ ತಯಾರಾಗಬೇಕು. ಲೆಕ್ಕ ಹಾಕಿದರೆ ಗಡುವು 2026ರ ಡಿಸೆಂಬರ್ ಕೊನೆ. ಆ ವರದಿಗಳು ಕನ್ನಡದಲ್ಲಿ ಕಾರ್ಗಲ್‌ನಿಂದ ಗೇರುಸೊಪ್ಪದವರೆಗಿನ ಪಂಚಾಯಿತಿಗಳಿಗೆ ಬರುತ್ತವಾ, ಇಲ್ಲಾ ಬೆಂಗಳೂರಿನ ಕಪಾಟಿನಲ್ಲೇ ಉಳಿಯುತ್ತವಾ ಅಂತ ನದಿಪಾತ್ರದವರು ಈಗಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು.