ಸೈಲೆನ್ಸರ್‌ಗೆ ತೂತು ಕೊರೆದರೆ ಚೈನ್ ಸಾ ಬಲ ಹೆಚ್ಚುತ್ತದೆಯೇ?

ಪ್ರಶ್ನೆ: ನಮ್ಮ ಕಾಫಿ ತೋಟದಲ್ಲಿ 50 ಸಿಸಿಯ ಚೈನ್ ಸಾ ಇದೆ. ಸಿಲ್ವರ್ ಓಕ್ ಮರದ ದಪ್ಪ ಬುಡ ಕೊಯ್ಯುವಾಗ ಎಂಜಿನ್ ಎಳೆಯುವುದಿಲ್ಲ. ಸೈಲೆನ್ಸರ್‌ನ ತೂತು ದೊಡ್ಡದು ಮಾಡಿಸಿದರೆ ಸರಿಹೋಗುತ್ತದೆ ಎಂದು ರಿಪೇರಿಯವರು ಹೇಳುತ್ತಾರೆ. ಇದು ನಿಜವೇ? ಎಂಜಿನ್‌ಗೆ ತೊಂದರೆ ಆಗುವುದಿಲ್ಲವೇ?

ಉತ್ತರ: ಬಲ ಹೆಚ್ಚುವುದು ನಿಜ. ಆದರೆ ತೂತು ಕೊರೆದು, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರನ್ನು ಹಾಗೆಯೇ ಬಿಟ್ಟರೆ ಪಿಸ್ಟನ್ ಸೀಜ್ ಆಗುವ, ಅಂದರೆ ಸಿಲಿಂಡರಿನಲ್ಲಿ ಕಚ್ಚಿ ನಿಲ್ಲುವ ಸಾಧ್ಯತೆಯೂ ಅದರ ಜೊತೆಗೇ ಹೆಚ್ಚುತ್ತದೆ. ತೂತು ಕೊರೆಯುವುದು ಅರ್ಧ ಕೆಲಸ ಮಾತ್ರ. ಉಳಿದರ್ಧ ಇಂಧನದ ಹೊಂದಾಣಿಕೆ, ಮತ್ತು ನಮ್ಮಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದು ಅದೇ.

ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಉರಿದ ಹೊಗೆ ಹೊರಹೋಗುವುದೂ ಹೊಸ ಮಿಶ್ರಣ ಒಳಬರುವುದೂ ಬಹುತೇಕ ಒಟ್ಟಿಗೇ ನಡೆಯುವುದರಿಂದ, ಹೊಗೆಗೆ ದಾರಿ ಕಿರಿದಾದಷ್ಟೂ ಸಿಲಿಂಡರಿನಲ್ಲಿ ಹೊಸ ಮಿಶ್ರಣಕ್ಕೆ ಜಾಗ ಕಡಿಮೆಯಾಗುತ್ತದೆ. ಆ ದಾರಿ ಕಿರಿದಾಗಿರುವುದಕ್ಕೆ ಶಬ್ದವೊಂದೇ ಕಾರಣವಲ್ಲ. ಸಣ್ಣ ಎಂಜಿನ್‌ಗಳ ಹೊಗೆಗೆ ಕ್ಯಾಲಿಫೋರ್ನಿಯದಲ್ಲಿ 1995ರಿಂದ, ಅಮೆರಿಕದ ಉಳಿದೆಡೆ 1997ರಿಂದ ಮಿತಿ ಬಂದ ಮೇಲೆ ತಯಾರಕರು ಸೈಲೆನ್ಸರನ್ನು ಬಿಗಿಗೊಳಿಸಿ, ಪೆಟ್ರೋಲ್ ಕಡಿಮೆ ಹೋಗುವಂತೆ ಕಾರ್ಬ್ಯುರೇಟರನ್ನು ಹೊಂದಿಸಿ, ಅದರ ಸ್ಕ್ರೂಗಳ ಮೇಲೆ ಹೆಚ್ಚು ತಿರುಗದಂತೆ ತಡೆಯುವ ಪ್ಲಾಸ್ಟಿಕ್ ಟೋಪಿಗಳನ್ನೂ ಕೂರಿಸಿದರು. ಜಗತ್ತಿನ ಮಾರುಕಟ್ಟೆಗೆಂದು ತಯಾರಾದ ಅಂಥ ಅನೇಕ ಮಾದರಿಗಳು ನಮ್ಮಲ್ಲೂ ಮಾರಾಟವಾಗುತ್ತವೆ.

ಎಷ್ಟು ದೊಡ್ಡದು ಮಾಡಬೇಕು ಎಂಬಲ್ಲಿ ಅನೇಕರು ಲೆಕ್ಕ ತಪ್ಪುತ್ತಾರೆ. 8 ಮಿಲಿಮೀಟರ್ ಅಗಲದ ದುಂಡು ತೂತಿನ ವಿಸ್ತೀರ್ಣ ಸುಮಾರು 50 ಚದರ ಮಿಲಿಮೀಟರ್. ಅದನ್ನು 12ಕ್ಕೆ ಹಿಗ್ಗಿಸಿದರೆ 113 ಆಗುತ್ತದೆ, ಅಂದರೆ ಎರಡು ಪಟ್ಟಿಗಿಂತ ಹೆಚ್ಚು. ಹೊರದಾರಿಯ ಒಟ್ಟು ವಿಸ್ತೀರ್ಣ ಸಿಲಿಂಡರಿನ ಎಕ್ಸಾಸ್ಟ್ ಪೋರ್ಟಿನ (ಹೊಗೆ ಹೊರಬರುವ ಕಿಂಡಿಯ) ಮುಕ್ಕಾಲು ಭಾಗದಷ್ಟಿದ್ದರೆ ಸಾಕು ಎಂಬುದು ಈ ಕೆಲಸದವರು ಪಾಲಿಸುವ ಅಂದಾಜು. ಅದರಾಚೆಗೆ ಬಲಕ್ಕಿಂತ ಸದ್ದೇ ಹೆಚ್ಚುತ್ತದೆ. ಸೈಲೆನ್ಸರನ್ನು ಬಿಚ್ಚಿ ಕೊರೆಯಬೇಕೇ ಹೊರತು ಎಂಜಿನ್ ಮೇಲೇ ಇಟ್ಟು ಕೊರೆಯಬಾರದು. ಕಬ್ಬಿಣದ ಒಂದು ಚೂರು ಪೋರ್ಟಿನೊಳಗೆ ಬಿದ್ದರೂ ಸಿಲಿಂಡರಿನ ಗೋಡೆಗೆ ಗೀರು ಖಂಡಿತ. ಹೊಸ ತೂತು ಕೆಲಸಗಾರನ ಕಡೆಗೂ ಪೆಟ್ರೋಲ್ ಟ್ಯಾಂಕಿನ ಕಡೆಗೂ ಮುಖ ಮಾಡಿರಬಾರದು. ಕಿಡಿ ತಡೆಯುವ ಜಾಲರಿಯನ್ನು ಕಿತ್ತೆಸೆಯುವ ಅಭ್ಯಾಸ ಬೇಸಿಗೆಯ ತೋಟದಲ್ಲಿ, ಒಣ ತರಗೆಲೆಯ ನಡುವೆ, ಶುದ್ಧ ಹುಂಬತನ. ಜಾಲರಿಗೆ ಮಸಿ ಕಟ್ಟಿದ್ದರೆ ತೊಳೆದರೆ ಸಾಕು. ಎಷ್ಟೋ ಯಂತ್ರಗಳ ಕಳೆದುಹೋದ ಬಲ ಅಷ್ಟರಿಂದಲೇ ಮರಳಿ ಬರುತ್ತದೆ.

ಇನ್ನು ಮುಖ್ಯ ವಿಷಯ. ಎಂಜಿನ್ ಹೆಚ್ಚು ಗಾಳಿ ಎಳೆಯತೊಡಗಿದಾಗ ಅದಕ್ಕೆ ತಕ್ಕಷ್ಟು ಪೆಟ್ರೋಲ್ ಬಾರದಿದ್ದರೆ ಮಿಶ್ರಣ ತೆಳುವಾಗುತ್ತದೆ. ಎಂಜಿನ್ನಿಗೆ ಬೇಕಾದ ಆಯಿಲ್ ಬರುವುದು ಪೆಟ್ರೋಲಿನ ಜೊತೆಯಲ್ಲೇ. 50ಕ್ಕೆ 1ರ ಅಳತೆಯಲ್ಲಿ ಲೀಟರಿಗೆ 20 ಮಿಲಿಲೀಟರ್. ಹೀಗಾಗಿ ತೆಳು ಮಿಶ್ರಣದಿಂದ ತಂಪೂ ಕಡಿಮೆ, ಜಿಡ್ಡೂ ಕಡಿಮೆ, ಮತ್ತು ಪಿಸ್ಟನ್ನಿನ ಎಕ್ಸಾಸ್ಟ್ ಬದಿಯಲ್ಲಿ ಉದ್ದುದ್ದ ಗೀರುಗಳು ಮೊದಲು ಕಾಣಿಸಿಕೊಳ್ಳುತ್ತವೆ. ಮೋಸ ಇರುವುದೂ ಇಲ್ಲೇ: ತೆಳು ಮಿಶ್ರಣದಲ್ಲಿ ಎಂಜಿನ್ ಚುರುಕಾಗಿ, ಕೀರಲು ದನಿಯಲ್ಲಿ ಓಡುವುದರಿಂದ, ಕೇಳುವವರಿಗೆ ಅದೇ ಹೆಚ್ಚಿದ ಬಲವೆಂದು ತೋರುತ್ತದೆ.

ಸರಿಪಡಿಸುವ ಕ್ರಮ ಹೀಗೆ. ಏರ್ ಫಿಲ್ಟರ್ ಶುಚಿಯಾಗಿರಬೇಕು, ಬಾರ್ (ಚೈನ್ ಸುತ್ತುವ ಉದ್ದ ಪಟ್ಟಿ) ಮತ್ತು ಚೈನ್ ಹಾಕಿರಬೇಕು, ಎಂಜಿನ್ ಚೆನ್ನಾಗಿ ಬಿಸಿಯಾಗಿರಬೇಕು. ಕಾರ್ಬ್ಯುರೇಟರಿನ ‘ಎಚ್’ ಗುರುತಿನ ಸ್ಕ್ರೂವನ್ನು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸಿದರೆ ಪೆಟ್ರೋಲ್ ಹೆಚ್ಚು ಬರುತ್ತದೆ. ಕಾಲು ಸುತ್ತು ತೆರೆದು, ಕೊಯ್ಯದೆಯೇ ಕೆಲವು ಕ್ಷಣ ಪೂರ್ತಿ ಆಕ್ಸಿಲರೇಟರ್ ಒತ್ತಿ ಕಿವಿಗೊಟ್ಟು ಕೇಳಬೇಕು. ಒಂದೇ ಸಮನಾದ ಕೀರಲು ದನಿಯ ಬದಲು ‘ಬರ್ರ್ ಬರ್ರ್’ ಎಂದು ಒಡೆದ, ತೊದಲಿದಂಥ ದನಿ ಬರಬೇಕು. ಮಿಶ್ರಣ ದಪ್ಪವಾಗಿ ಕೆಲವು ಸುತ್ತುಗಳಲ್ಲಿ ಕಿಡಿ ಸರಿಯಾಗಿ ಹತ್ತದಿರುವುದರಿಂದ ಹಾಗಾಗುತ್ತದೆ. ಅದೇ ಎಂಜಿನ್ ಬಾರನ್ನು ಮರಕ್ಕೆ ಒತ್ತಿದೊಡನೆ ತೊದಲು ನಿಲ್ಲಿಸಿ ಸ್ವಚ್ಛವಾಗಿ ಓಡಿ, ಎತ್ತಿದೊಡನೆ ಮತ್ತೆ ತೊದಲಿದರೆ ಹೊಂದಾಣಿಕೆ ಸರಿಯಾಗಿದೆ ಎಂದರ್ಥ. ಮರದೊಳಗೂ ತೊದಲುತ್ತಿದ್ದರೆ ಎಂಟನೇ ಒಂದು ಸುತ್ತಿನಷ್ಟು ಮುಚ್ಚಬೇಕು. ಎಂಜಿನ್ನಿನ ವೇಗ ಅಳೆಯುವ ಟ್ಯಾಕೋಮೀಟರ್ ಇದ್ದರೆ ಕೈಪಿಡಿಯಲ್ಲಿರುವ ಗರಿಷ್ಠ ವೇಗವನ್ನು ಮೀರದಂತೆ ನೋಡಿಕೊಳ್ಳಬಹುದು. ಐಡಲ್‌ನಲ್ಲಿ ಚೈನ್ ತಿರುಗಕೂಡದು. ಆಕ್ಸಿಲರೇಟರ್ ಬಿಟ್ಟ ಮೇಲೂ ವೇಗ ತಟ್ಟನೆ ಇಳಿಯದಿದ್ದರೆ ಎಲ್ಲೋ ಗಾಳಿ ಸೋರುತ್ತಿರಬಹುದು. ಕ್ರ್ಯಾಂಕಿನ ಸೀಲುಗಳನ್ನೂ ಕಾರ್ಬ್ಯುರೇಟರಿನ ರಬ್ಬರನ್ನೂ ನೋಡದೆ ಟ್ಯೂನಿಂಗ್ ಮುಂದುವರಿಸಬಾರದು. ಎಂ-ಟ್ರಾನಿಕ್, ಆಟೋಟ್ಯೂನ್‌ನಂಥ ಎಲೆಕ್ಟ್ರಾನಿಕ್ ಕಾರ್ಬ್ಯುರೇಟರುಗಳು ತಮ್ಮ ಮಿತಿಯೊಳಗೆ ಇದನ್ನು ತಾವೇ ಮಾಡಿಕೊಳ್ಳುತ್ತವೆ.

ಇನ್ನೆರಡು ಸಂಗತಿಗಳನ್ನು ಮೆಕ್ಯಾನಿಕ್‌ಗಳು ಹೇಳುವುದು ಕಡಿಮೆ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇದ್ದು, ಅದರಲ್ಲಿರುವ ಆಮ್ಲಜನಕದಿಂದಾಗಿ ಹಳೆಯ ಹೊಂದಾಣಿಕೆಯಲ್ಲೇ ಮಿಶ್ರಣ ಇನ್ನಷ್ಟು ತೆಳುವಾಗುತ್ತದೆ. ಹಲವು ತಯಾರಕರ ಕೈಪಿಡಿಗಳು ಶೇ. 10ನ್ನೇ ಮಿತಿಯಾಗಿ ಹೇಳಿವೆ. ಎರಡನೆಯದು ಎತ್ತರ. ಘಟ್ಟದ ಮೇಲೆ 1000 ಮೀಟರ್ ಎತ್ತರದ ತೋಟದಲ್ಲಿ ಟ್ಯೂನ್ ಮಾಡಿದ ಯಂತ್ರವನ್ನು ಕರಾವಳಿಗೆ ಇಳಿಸಿದರೆ ಅಲ್ಲಿನ ದಟ್ಟ ಗಾಳಿಯಲ್ಲಿ ಅದೂ ತೆಳುವಾಗಿ ಓಡುತ್ತದೆ.

ಸಿಲಿಂಡರಿನ ಕೆಳಗಿನ ಗ್ಯಾಸ್ಕೆಟ್ ತೆಗೆದು ಕಂಪ್ರೆಶನ್ ಹೆಚ್ಚಿಸುವುದು, ಪೋರ್ಟ್ ಅಗಲಿಸುವುದು, ಫ್ಲೈವೀಲಿನ ಕೀ ಅರೆದು ಕಿಡಿಯನ್ನು ಮುಂಚಿತಗೊಳಿಸುವುದು ಇತ್ಯಾದಿಗಳನ್ನು ತೋಟದ ಯಂತ್ರಕ್ಕೆ ನಾನು ಸೂಚಿಸುವುದಿಲ್ಲ. ಗ್ಯಾಸ್ಕೆಟ್ ತೆಗೆದಾಗ ಪಿಸ್ಟನ್ನಿಗೂ ಹೆಡ್ಡಿಗೂ ನಡುವಿನ ಅಂತರ ಸುಮಾರು ಅರ್ಧ ಮಿಲಿಮೀಟರಿಗಿಂತ ಕಡಿಮೆಯಾದರೆ ಅವು ಒಂದಕ್ಕೊಂದು ಬಡಿಯುವ ಅಪಾಯವಿದೆ. ಪೋರ್ಟನ್ನು ಅತಿಯಾಗಿ ಅಗಲಿಸಿದರೆ ರಿಂಗ್ ಅದರಲ್ಲಿ ಸಿಕ್ಕಿ ಮುರಿಯುತ್ತದೆ.

ಇದೆಲ್ಲಕ್ಕೂ ಮೊದಲು ನಿಮ್ಮ ಯಂತ್ರ ಉದುರಿಸುವ ಹೊಟ್ಟನ್ನು ನೋಡಿ. ಚಕ್ಕೆಗಳ ಬದಲು ಹಿಟ್ಟಿನಂಥ ಪುಡಿ ಬೀಳುತ್ತಿದ್ದರೆ ದೋಷ ಎಂಜಿನ್ನಿನದಲ್ಲ, ಚೈನಿನದು. .325 ಇಂಚು ಪಿಚ್‌ನ (ಕೊಂಡಿಗಳ ಅಂತರದ ಅಳತೆ) ಚೈನಿಗೆ 4.8 ಮಿಲಿಮೀಟರಿನ ದುಂಡು ಅರದಿಂದ ಹರಿತ ಮಾಡಿ, ಪ್ರತಿ ಹಲ್ಲಿನ ಮುಂದಿರುವ, ಕೊಯ್ತದ ಆಳ ನಿರ್ಧರಿಸುವ ಗೇಜು ಹಲ್ಲಿಗಿಂತ ಸುಮಾರು 0.65 ಮಿಲಿಮೀಟರ್ ತಗ್ಗಿರುವಂತೆ ನೋಡಿಕೊಳ್ಳಿ. ಬಾರಿನ ಉದ್ದವನ್ನೂ ಗಮನಿಸಿ. 50 ಸಿಸಿಗೆ 16ರಿಂದ 18 ಇಂಚಿನ ಬಾರ್ ಹೊಂದುತ್ತದೆ. 24 ಇಂಚಿನದನ್ನು ಹಾಕಿ ಬುಡದಲ್ಲಿ ಪೂರ್ತಿ ಹೂತು ಕೊಯ್ಯುತ್ತಿದ್ದರೆ ಸೈಲೆನ್ಸರಿಗೆ ಎಷ್ಟು ತೂತು ಕೊರೆದರೂ ಪ್ರಯೋಜನವಿಲ್ಲ, ಆ ಕೆಲಸಕ್ಕೆ 70 ಸಿಸಿಯ ಯಂತ್ರವೇ ಬೇಕು.