ನೌಕೆ ಕುಗ್ಗಿತು, ದಾರಿ ಕುಗ್ಗಲಿಲ್ಲ

ಕಾಲೇಜಿನಲ್ಲೇ ಉಪಗ್ರಹ ಕಟ್ಟಬಹುದು ಅನ್ನುವುದಾದರೆ ಅದನ್ನು ಮಂಗಳಕ್ಕೇ ಯಾಕೆ ಕಳಿಸಬಾರದು? ರಾಯಚೂರಿನ ಎಂಜಿನಿಯರಿಂಗ್ ಹುಡುಗರು ಹೀಗೆ ಕೇಳಿದರೆ ನಗಬೇಕಿಲ್ಲ. ಕ್ಯೂಬ್‌ಸ್ಯಾಟ್ ಎಂಬ ಪುಟ್ಟ ಉಪಗ್ರಹ ಹುಟ್ಟಿದ್ದೇ ವಿದ್ಯಾರ್ಥಿಗಳಿಗಾಗಿ. 1999ರಲ್ಲಿ ಕ್ಯಾಲಿಫೋರ್ನಿಯಾದ ಪ್ರಾಧ್ಯಾಪಕರಾದ ಜೋರ್ಡಿ ಪುಯಿಗ್-ಸುವಾರಿ ಮತ್ತು ಬಾಬ್ ಟ್ವಿಗ್ಸ್ 10 ಸೆಂ.ಮೀ. ಘನದ ಅಳತೆ ಗೊತ್ತು ಮಾಡಿದರು. 2003ರಲ್ಲಿ ಕ್ಯೂಬ್‌ಸ್ಯಾಟ್‌ಗಳ ಮೊದಲ ತಂಡ ಹಾರಿತು. 2010ರಲ್ಲಿ ಬೆಂಗಳೂರು, ಹೈದರಾಬಾದಿನ ವಿದ್ಯಾರ್ಥಿಗಳ ಸ್ಟಡ್‌ಸ್ಯಾಟ್ ಪಿಎಸ್‌ಎಲ್‌ವಿ ಏರಿತು; ತೂಕ ಒಂದು ಕೆ.ಜಿ.ಯೂ ಇರಲಿಲ್ಲ.

ಇವೆಲ್ಲ ಭೂಮಿಯ ಅಂಗಳದ ಆಟ. ಚಿಪ್ ಕುಗ್ಗಿತು, ಕ್ಯಾಮೆರಾ ಕುಗ್ಗಿತು. ದೂರ ಮಾತ್ರ ಇದ್ದಷ್ಟೇ ಇದೆ. 500 ಕಿ.ಮೀ. ಎತ್ತರದಿಂದ ಬರುವ ಸಂಕೇತವನ್ನೇ 14 ಕೋಟಿ 60 ಲಕ್ಷ ಕಿ.ಮೀ. ಆಚೆ ಇರುವಾಗಿನ ಮಂಗಳದಿಂದ ಕಳಿಸಿದರೆ ಅದು ಎಂಟು ಸಾವಿರ ಕೋಟಿ ಪಟ್ಟಿಗೂ ಹೆಚ್ಚು ಕ್ಷೀಣಿಸುತ್ತದೆ. ಮಂಗಳದ ಬಳಿ ಬಿಸಿಲೂ ಇಲ್ಲಿನ ಅರ್ಧಕ್ಕಿಂತ ಕಡಿಮೆ. ರಾಯಚೂರಿನವರಿಗೆ ಇದು ಸುಖದ ಸುದ್ದಿ ಅನಿಸೀತು, ಪುಟ್ಟ ಸೌರಫಲಕಕ್ಕಲ್ಲ.

ಆ ದೂರವನ್ನು 2018ರಲ್ಲಿ ಮೊದಲು ಗೆದ್ದದ್ದು ನಾಸಾದ ಮಾರ್ಕೊ ಎಂಬ ಎರಡು ಕ್ಯೂಬ್‌ಸ್ಯಾಟ್‌ಗಳು. ಮಂಗಳದ ನೆಲಕ್ಕಿಳಿಯುವ ಇನ್‌ಸೈಟ್ ನೌಕೆಯ ಜೊತೆ ಒಂದೇ ರಾಕೆಟ್ಟಿನಲ್ಲಿ ಹೊರಟು, ಬೇರ್ಪಟ್ಟು, ತಮ್ಮ ಪಾಡಿಗೆ ಮಂಗಳ ಮುಟ್ಟಿದವು. ತಟ್ಟೆಯಾಕಾರದ ಆಂಟೆನಾಗೆ ಜಾಗವಿಲ್ಲದ್ದರಿಂದ ಮಡಚಿಡಬಲ್ಲ ಚಪ್ಪಟೆ ಆಂಟೆನಾ. ದಾರಿ ತಿದ್ದಿಕೊಳ್ಳಲು, ಬೆಂಕಿ ಆರಿಸುವ ಸಾಧನಗಳಲ್ಲಿ ಬಳಸುವಂಥ ಅನಿಲ! ನವೆಂಬರ್ 26ರಂದು ಇನ್‌ಸೈಟ್ ಇಳಿಯುವಾಗ ಸುದ್ದಿ ಭೂಮಿಗೆ ತಲುಪಿಸಿದ್ದು ಇವೇ. ಭೂಮಿಯಲ್ಲಿ ಕಿವಿಗೊಟ್ಟದ್ದು ಮಾತ್ರ ದೈತ್ಯ ಆಂಟೆನಾಗಳು. ಕೇಳುವ ಈ ಖರ್ಚನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇನ್ನೊಂದು ತೊಡಕು ಸವಾರಿಯದ್ದು. ಸಿಂಧನೂರಿನಲ್ಲಿ ಭತ್ತದ ಲಾರಿಗೆ ಕೈಯೊಡ್ಡಿ ಹತ್ತಿದವನು ಲಾರಿ ಹೊರಟಾಗಲೇ ಹೊರಡಬೇಕು. ನಾಸಾದ ಚಂದ್ರಯಾನ ಆರ್ಟೆಮಿಸ್-1ರ ಜೊತೆ ಹೊರಟ ಹತ್ತು ಕ್ಯೂಬ್‌ಸ್ಯಾಟ್‌ಗಳಿಗೆ ಆದದ್ದೂ ಅದೇ. 2021ರಲ್ಲೇ ರಾಕೆಟ್ಟಿಗೆ ತುಂಬಿದರು, ಉಡಾವಣೆ ಆದದ್ದು 2022ರ ನವೆಂಬರಿನಲ್ಲಿ. ಕೆಲವದರ ಬ್ಯಾಟರಿಗೆ ಮತ್ತೆ ಚಾರ್ಜ್ ಮಾಡುವ ದಾರಿಯೇ ಇರಲಿಲ್ಲ. ಹಲವು ತಮ್ಮ ಗುರಿ ಮುಟ್ಟುವ ಮೊದಲೇ ಕೈಕೊಟ್ಟವು. ಚಂದ್ರನ ನೀರಿನ ಸುಳಿವು ಹುಡುಕಲು ಹೊರಟಿದ್ದ ಲೂನಾಹೆಚ್-ಮ್ಯಾಪ್‌ನಲ್ಲಿ ಎಂಜಿನ್ನಿನ ಕವಾಟ ಸಿಕ್ಕಿಕೊಂಡಿತು.

2024ರ ಅಕ್ಟೋಬರಿನಲ್ಲಿ ಹೊರಟ ಯುರೋಪಿನ ಹೇರಾ ನೌಕೆಯದ್ದು ಬೇರೆ ಜಾಣತನ. ಮಿಲಾನಿ, ಯುವೆಂಟಾಸ್ ಎಂಬ ಎರಡು ಕ್ಯೂಬ್‌ಸ್ಯಾಟ್‌ಗಳು ಡಿಡಿಮೋಸ್ ಕ್ಷುದ್ರಗ್ರಹ ತಲುಪುವ ತನಕ ತಾಯಿನೌಕೆಯ ಒಡಲಲ್ಲೇ ಇರುತ್ತವೆ. ಹೊರಬಿದ್ದ ಮೇಲೂ ಭೂಮಿಯೊಂದಿಗೆ ಮಾತು ತಾಯಿಯ ಮೂಲಕವೇ. ಸದ್ಯಕ್ಕೆ ನನಗೆ ಇದೇ ಸರಿ ಕಾಣುತ್ತದೆ. ನಮ್ಮ ಹುಡುಗರು ಇಡೀ ನೌಕೆಯ ಆಸೆ ಪಕ್ಕಕ್ಕಿಟ್ಟು, ವರ್ಷಗಟ್ಟಲೆ ಸುಮ್ಮನಿದ್ದು ಕರೆದಾಗ ತೆರೆದುಕೊಳ್ಳುವ ಒಂದು ಕವಾಟ ಮಾಡಿಕೊಟ್ಟರೂ ಕೊಳ್ಳುವವರಿದ್ದಾರೆ.